ಸಿಂಗಪುರದಿಂದ ನ್ಯೂಯಾರ್ಕ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಗಪುರದ ಚಾಂಗಿ ಮತ್ತು ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣಗಳು. ಪ್ರಯಾಣಿಕರ ವಿಮಾನ ಎಲ್ಲೂ ಇಳಿಯದೆ ಹಾರುವ ದಾರಿಗಳಲ್ಲಿ ಅತಿ ಉದ್ದದ್ದು ಯಾವುದು ಅಂತ ಕೇಳಿದರೆ ಕೆಲವು ವರ್ಷಗಳಿಂದ ಬರುತ್ತಿರುವ ಉತ್ತರ ಈ ಜೋಡಿ. ಇದರ ಬಗ್ಗೆ ಜನ ಕೇಳುವುದು ಎರಡೇ ಮಾತು: ದೂರ ಎಷ್ಟು, ಹೊತ್ತು ಎಷ್ಟು. ದೂರ ಹೇಳುವುದು ಸುಲಭ, ಅದು ಬದಲಾಗುವುದಿಲ್ಲ. ಹೊತ್ತಿನ ವಿಷಯ ಹಾಗಲ್ಲ. ಅದು ಗಾಳಿ ಹೇಳಿದಂತೆ ಕೇಳುತ್ತದೆ.

ಎರಡು ನಿಲ್ದಾಣಗಳ ನಡುವೆ ದೂರ ಎಷ್ಟು?

ಸುಮಾರು 15,349 ಕಿ.ಮೀ. ಮೈಲಿಯಲ್ಲಿ ಹೇಳಿದರೆ 9,537. ಪೈಲಟ್‌ಗಳು ಲೆಕ್ಕ ಹಾಕುವುದು ನಾಟಿಕಲ್ ಮೈಲಿಯಲ್ಲಿ, ಅದರಲ್ಲಿ ಸುಮಾರು 8,288. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಮಾಮೂಲಿ ಮೈಲಿ 1.609 ಕಿ.ಮೀ. ಇವೆರಡನ್ನು ಕಲಸಿಕೊಂಡು ಗೊಂದಲ ಮಾಡಿಕೊಳ್ಳುವವರೇ ಜಾಸ್ತಿ.

ಒಂದು ಕಡೆ 15,349 ಅಂತಿದೆ, ಇನ್ನೊಂದು ಕಡೆ 15,340 ಅಂತಿದೆ. ಯಾವುದು ಸರಿ?

ಎರಡೂ ಸರಿಯೇ. ಭೂಮಿಯನ್ನು ಚೆಂಡಿನ ಹಾಗೆ ಪೂರ್ತಿ ದುಂಡಗೆ ಅಂದುಕೊಂಡು ಲೆಕ್ಕ ಹಾಕಿದರೆ 15,340ರ ಆಸುಪಾಸು ಬರುತ್ತದೆ. ಆದರೆ ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ, ನಡುವಿನಲ್ಲಿ ಸ್ವಲ್ಪ ಉಬ್ಬು. ಅದನ್ನೂ ಸೇರಿಸಿದರೆ 15,349. ಹದಿನೈದು ಸಾವಿರದಲ್ಲಿ ಹತ್ತು ಕಿ.ಮೀ. ಆಚೆ ಈಚೆ ಆದರೆ ಪ್ರಯಾಣಿಕರಿಗೆ ಏನೂ ಆಗಬೇಕಿಲ್ಲ.

ನೇರ ದೂರ ಅಂದರೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದದ್ದಾ?

ಅಲ್ಲ. ಎಲ್ಲರೂ ಮೊದಲು ಎಡವುವುದು ಇಲ್ಲೇ. ಗೋಡೆಗೆ ಹಾಕುವ ವಿಶ್ವ ನಕ್ಷೆಯಲ್ಲಿ ದುಂಡಗಿನ ಭೂಮಿಯನ್ನು ಎಳೆದು ಹರಡಿ ಅಗಲ ಮಾಡಿರುತ್ತಾರೆ. ಉತ್ತರಕ್ಕೆ ಹೋದಷ್ಟೂ ಎಳೆತ ಜಾಸ್ತಿ. ಅದರ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ನೋಡಲು ನೇರ, ಹಾರಲು ಸುತ್ತು.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಸಿಂಗಪುರದ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ನ್ಯೂಯಾರ್ಕ್‌ಗೆ ತಂದು ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಜಾರಿಕೊಂಡು ಮೇಲಕ್ಕೆ ಏರಿ, ಗ್ಲೋಬಿನ ನೆತ್ತಿಯಲ್ಲಿರುವ ಮೊಳೆಯ ಪಕ್ಕದಲ್ಲಿ ಹಾದು, ಆ ಕಡೆ ಇಳಿಯುತ್ತದೆ. ಮೊದಲ ಸಲ ನೋಡಿದವರು ದಾರ ಬಿಟ್ಟು ಇನ್ನೊಮ್ಮೆ ಎಳೆದು ನೋಡುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಇದಕ್ಕೆ ಕಾರಣ ಇದೆ. ಚಾಂಗಿ ಇರುವುದು ಪೂರ್ವ ರೇಖಾಂಶ 104 ಡಿಗ್ರಿಯ ಹತ್ತಿರ. ಜೆಎಫ್‌ಕೆ ಇರುವುದು ಪಶ್ಚಿಮ ರೇಖಾಂಶ 74 ಡಿಗ್ರಿಯ ಹತ್ತಿರ. ಎರಡೂ ಕೂಡಿದರೆ 178. ಅಂದರೆ ಭೂಮಿಯ ಒಂದು ಮಗ್ಗುಲಲ್ಲಿ ಇದು, ಇನ್ನೊಂದು ಮಗ್ಗುಲಲ್ಲಿ ಅದು. 180ಕ್ಕೆ ಬರೀ ಎರಡು ಡಿಗ್ರಿ ಕಮ್ಮಿ. ಹಾಗಾಗಿ ಅತಿ ಹತ್ತಿರದ ದಾರಿ ಉತ್ತರ ಧ್ರುವದಿಂದ ಹೆಚ್ಚೂಕಮ್ಮಿ 280 ಕಿ.ಮೀ. ಪಕ್ಕದಲ್ಲೇ ಹಾದುಹೋಗುತ್ತದೆ.

ಹಾಗಾದರೆ ವಿಮಾನ ಉತ್ತರ ಧ್ರುವದ ಮೇಲೇ ಹಾರುತ್ತದಾ?

ಸಾಮಾನ್ಯವಾಗಿ ಇಲ್ಲ. ದಾರ ತೋರಿಸುವ ದಾರಿ ಬೇರೆ, ಆ ದಿನ ವಿಮಾನ ಹಿಡಿಯುವ ದಾರಿ ಬೇರೆ.

ಮೊದಲ ಕಾರಣ ಗಾಳಿ. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಎರಡನೆಯದು ದೇಶಗಳ ಆಕಾಶ. ಆ ಗೆರೆ ಚೀನಾ ಮತ್ತು ರಷ್ಯಾದ ಮೇಲೆ ಹೋಗುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಹಲವು ದೇಶಗಳ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಮುಚ್ಚದಿದ್ದರೂ ತಾವಾಗಿಯೇ ಸುತ್ತಿ ಹೋಗುವ ಕಂಪನಿಗಳೂ ಇವೆ. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಮೊದಲು ಸುಮಾರು ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು. ಈ ಸುತ್ತಿನಿಂದ ಅದು ಸುಮಾರು 13 ಗಂಟೆಗೆ ಏರಿತು. ಆ ವಿಮಾನ ನಿಜವಾಗಿಯೂ ಉತ್ತರ ಧ್ರುವದ ಕಡೆಯಿಂದ ಹೋಗತೊಡಗಿತು. ಪ್ರಯಾಣಿಕರಿಗೆ ಅದರ ನೆನಪಿಗೆ ಪ್ರಮಾಣಪತ್ರವನ್ನೂ ಕೊಟ್ಟರು.

ಮೂರನೆಯದು ಚಳಿ. ದೊಡ್ಡ ವಿಮಾನಗಳಿಗೆ ತುಂಬಿಸುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ಶುರು. ಅಮೆರಿಕದಲ್ಲಿ ಸಿಗುವ ಜೆಟ್ ಎ ಮೈನಸ್ 40ಕ್ಕೇ. ಧ್ರುವದ ಮೇಲೆ ಹೊರಗಿನ ಗಾಳಿ ಇದಕ್ಕಿಂತ ತಣ್ಣಗಿರುವ ದಿನಗಳಿವೆ. ಆಗ ಪೈಲಟ್‌ಗಳು ಸ್ವಲ್ಪ ಕೆಳಗಿನ, ಬೆಚ್ಚಗಿನ ಪದರಕ್ಕೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ವೇಗ ಹೆಚ್ಚಿದರೆ ಗಾಳಿಯ ತಿಕ್ಕಾಟಕ್ಕೆ ರೆಕ್ಕೆ ಒಂದಿಷ್ಟು ಬೆಚ್ಚಗಾಗುತ್ತದೆ. ರೆಕ್ಕೆಯೊಳಗೇ ತಾನೆ ಇಂಧನದ ಟ್ಯಾಂಕ್ ಇರುವುದು.

ಸರಿ, ಹಾರಾಟಕ್ಕೆ ಎಷ್ಟು ಹೊತ್ತು ಬೇಕು?

18ರಿಂದ 19 ಗಂಟೆ. ವೇಳಾಪಟ್ಟಿಯಲ್ಲಿ ಹದಿನೆಂಟೂವರೆಗೂ ಹತ್ತೊಂಬತ್ತಕ್ಕೂ ನಡುವಿನ ಅಂಕಿ ಇರುತ್ತದೆ. ಋತು ಬದಲಾದರೆ ಹತ್ತಿಪ್ಪತ್ತು ನಿಮಿಷ ಅತ್ತಿತ್ತ ಆಗುತ್ತದೆ.

ಪಟ್ಟಿಯಲ್ಲಿರುವುದು ವಿಮಾನ ಗೇಟ್ ಬಿಟ್ಟಾಗಿನಿಂದ ಆ ಕಡೆಯ ಗೇಟ್ ಸೇರುವವರೆಗಿನ ಹೊತ್ತು. ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವ ನಡುವಿನ ಹೊತ್ತು ಅದಕ್ಕಿಂತ ಕಮ್ಮಿ. 2018ರ ಅಕ್ಟೋಬರ್ 11ರಂದು ಸಿಂಗಪುರ್ ಏರ್‌ಲೈನ್ಸ್ ಹೊಸ ವಿಮಾನದಲ್ಲಿ ಈ ಸೇವೆಯನ್ನು ಮತ್ತೆ ಶುರು ಮಾಡಿತು. ಆಗ ಅದು ಇಳಿದದ್ದು ನ್ಯೂಯಾರ್ಕಿನ ಪಕ್ಕದ ನ್ಯೂವಾರ್ಕ್‌ನಲ್ಲಿ. ಆ ಮೊದಲ ಹಾರಾಟ 17 ಗಂಟೆ 52 ನಿಮಿಷದಲ್ಲಿ ಮುಗಿಯಿತು. ಬೇಗ ಬಂದೆವು ಅಂತ ಖುಷಿ ಪಡುವವರಿಗೂ ಅದು ಹೆಚ್ಚೂಕಮ್ಮಿ ಹದಿನೆಂಟು ಗಂಟೆ!

ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತಾರೆ. ಭಾಗಿಸಿದರೆ 17 ಗಂಟೆ ಬರುತ್ತದೆ. ಉಳಿದದ್ದು ಎಲ್ಲಿ ಹೋಯ್ತು?

ಲೆಕ್ಕ ಸರಿಯಾಗಿದೆ. 15,349ನ್ನು 900ರಿಂದ ಭಾಗಿಸಿದರೆ 17 ಗಂಟೆ 3 ನಿಮಿಷ. ಆದರೆ ಆ 900 ಮೇಲೆ ಏರಿದ ಮೇಲಿನ ವೇಗ. ಗೇಟ್ ಬಿಟ್ಟು ರನ್‌ವೇ ತಲುಪಲು ಹದಿನೈದು ಇಪ್ಪತ್ತು ನಿಮಿಷ. ಮುಂದೆ ಸಾಲು ಇದ್ದರೆ ಇನ್ನೂ ಜಾಸ್ತಿ. ಏರುವಾಗ, ಇಳಿಯುವಾಗ ವೇಗ ಕಮ್ಮಿ. ಇಷ್ಟಕ್ಕೇ ಅರ್ಧ ಮುಕ್ಕಾಲು ಗಂಟೆ ಹೋಗುತ್ತದೆ. ಉಳಿದದ್ದು ಸುತ್ತಿನ ಪಾಲು. ನಿಜವಾಗಿ ಹಾರುವ ದಾರಿ 15,349 ಕಿ.ಮೀ.ಗಿಂತ ಉದ್ದ. ಗಾಳಿ ಹುಡುಕಿಕೊಂಡು ಹೋದ ದಿನ ಸಾವಿರ ಕಿ.ಮೀ. ಜಾಸ್ತಿ ಆಗುವುದೂ ಉಂಟು.

ಸುತ್ತಿಕೊಂಡು ಹೋದರೆ ಲಾಭ ಏನು? ಗಾಳಿಗೆ ಅಷ್ಟೊಂದು ಶಕ್ತಿನಾ?

ಅಷ್ಟು ಶಕ್ತಿ ಇದೆ. 9ರಿಂದ 12 ಕಿ.ಮೀ. ಎತ್ತರದಲ್ಲಿ, ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರಿಯುತ್ತವೆ. ಇದನ್ನೇ ಜೆಟ್ ಸ್ಟ್ರೀಮ್ ಅನ್ನುವುದು. ಚಳಿಗಾಲದಲ್ಲಿ ಇದರ ರಭಸ ಜಾಸ್ತಿ. ಗಂಟೆಗೆ 300 ಕಿ.ಮೀ. ದಾಟುವುದೂ ಇದೆ.

ಸುಮ್ನೆ ಒಂದು ಲೆಕ್ಕ ಮಾಡಿ. ಉದ್ದಕ್ಕೂ ಗಂಟೆಗೆ 100 ಕಿ.ಮೀ. ಗಾಳಿ ಬೆನ್ನ ಹಿಂದೆ ಇದ್ದರೆ ನೆಲದ ಲೆಕ್ಕದಲ್ಲಿ ವೇಗ 1,000. ಈ ದೂರಕ್ಕೆ 15 ಗಂಟೆ 21 ನಿಮಿಷ ಸಾಕು. ಅದೇ ಗಾಳಿ ಎದುರಿಗೆ ಬಂದರೆ ವೇಗ 800. ಆಗ 19 ಗಂಟೆ 11 ನಿಮಿಷ ಬೇಕು. ವ್ಯತ್ಯಾಸ ಹೆಚ್ಚುಕಡಿಮೆ ನಾಲ್ಕು ಗಂಟೆ. ಇದೇ ಗಾಳಿಯಲ್ಲಿ ಹೋಗಿ ಬಂದರೂ ಲೆಕ್ಕ ಸರಿಹೋಗುವುದಿಲ್ಲ ನೋಡಿ. ಹೋಗುವಾಗ ಉಳಿಸಿದ್ದು ಒಂದು ಗಂಟೆ ಮುಕ್ಕಾಲು, ಬರುವಾಗ ಕಳೆದದ್ದು ಎರಡು ಗಂಟೆಗೂ ಜಾಸ್ತಿ. ಎದುರುಗಾಳಿಯಲ್ಲಿ ವಿಮಾನ ನಿಧಾನ ಹೋಗುತ್ತದೆ, ಅದಕ್ಕೇ ಆ ಗಾಳಿಯ ಏಟು ತಿನ್ನುವ ಹೊತ್ತೂ ಜಾಸ್ತಿ.

ಗಾಳಿಯ ಕೈ ಎಷ್ಟು ಉದ್ದ ಅಂತ ನೋಡಬೇಕಾದರೆ 2020ರ ಫೆಬ್ರವರಿಯ ಒಂದು ರಾತ್ರಿ ನೆನೆಸಿಕೊಳ್ಳಿ. ಕಿಯಾರಾ ಬಿರುಗಾಳಿ ಯುರೋಪಿನ ಕಡೆ ನುಗ್ಗುತ್ತಿತ್ತು. ನ್ಯೂಯಾರ್ಕಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು 4 ಗಂಟೆ 56 ನಿಮಿಷದಲ್ಲಿ ಲಂಡನ್ ಮುಟ್ಟಿಬಿಟ್ಟಿತು. ಮಾಮೂಲಿಯಾಗಿ ಆರೂವರೆ, ಏಳು ಗಂಟೆಯ ದಾರಿ ಅದು.

ಸೀಟಿನ ಮುಂದಿನ ಪರದೆಯಲ್ಲಿ ನಕ್ಷೆ ಹಾಕಿಕೊಂಡರೆ ಇದು ನಿಮಗೂ ಕಾಣುತ್ತದೆ. ಅಲ್ಲಿ 'ಗ್ರೌಂಡ್ ಸ್ಪೀಡ್' ಅಂತ ಒಂದು ಅಂಕಿ ಇರುತ್ತದೆ. ಊಟ ಬರುವಾಗ 910 ಇದ್ದದ್ದು, ಒಂದು ನಿದ್ದೆ ಮಾಡಿ ಎದ್ದಾಗ 1,080 ಆಗಿರಬಹುದು. ಎಂಜಿನ್ ಸದ್ದು ಒಂದಿಷ್ಟೂ ಬದಲಾಗಿರುವುದಿಲ್ಲ.

ಹೋಗಲೂ ಬರಲೂ ಸಮಯ ಹೆಚ್ಚುಕಡಿಮೆ ಒಂದೇ ಇದೆಯಲ್ಲ? ಒಂದು ಕಡೆಗೆ ಎದುರುಗಾಳಿ ಇರಬೇಕಲ್ವಾ?

ನನಗೆ ಅತಿ ಇಷ್ಟವಾದ ಪ್ರಶ್ನೆ ಇದು. ಬೇರೆ ದಾರಿಗಳಲ್ಲಿ ನಿಮ್ಮ ಮಾತು ನಿಜ. ನ್ಯೂಯಾರ್ಕ್–ಲಂಡನ್ ನಡುವೆ ಪೂರ್ವಕ್ಕೆ ಹೋಗುವಾಗ ಬೇಗ, ಪಶ್ಚಿಮಕ್ಕೆ ಬರುವಾಗ ತಡ.

ಇಲ್ಲಿ ಮಾತ್ರ ಎರಡೂ ಊರು ಭೂಮಿಯ ಎದುರುಬದುರು ಮಗ್ಗುಲಲ್ಲಿವೆ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ದೂರ ಸುಮಾರಾಗಿ ಒಂದೇ. ಹಾಗಾಗಿ ಸಿಂಗಪುರದಿಂದ ಹೊರಟಾಗ ಪೆಸಿಫಿಕ್ ಸಾಗರದ ಕಡೆಯಿಂದ ಪೂರ್ವಕ್ಕೆ ಹೋಗಿ ಬೆನ್ನಗಾಳಿ ಹಿಡಿಯಬಹುದು. ನ್ಯೂಯಾರ್ಕಿನಿಂದ ಹೊರಟಾಗ ಅಟ್ಲಾಂಟಿಕ್ ಮತ್ತು ಯುರೋಪಿನ ಕಡೆಯಿಂದ ಮತ್ತೆ ಪೂರ್ವಕ್ಕೇ ಹೋಗಿ ಇನ್ನೊಮ್ಮೆ ಬೆನ್ನಗಾಳಿ ಹಿಡಿಯಬಹುದು. ಎರಡು ಸಲವೂ ಗಾಳಿ ನಮ್ಮ ಪರ! ಹೀಗೆ ಹೋಗಿ ಬಂದವರು ತಮಗೆ ಗೊತ್ತಿಲ್ಲದೆಯೇ ಭೂಮಿಗೆ ಒಂದು ಪ್ರದಕ್ಷಿಣೆ ಹಾಕಿರುತ್ತಾರೆ.

ಪ್ರತಿ ದಿನವೂ ಹೀಗೇ ಅಂತ ಅಂದುಕೊಳ್ಳಬೇಡಿ. ಹೊರಡುವ ಮುಂಚೆ ಆ ದಿನದ ಗಾಳಿ, ಹವಾಮಾನ, ಯಾವ ಆಕಾಶ ತೆರೆದಿದೆ ಅಂತೆಲ್ಲ ನೋಡಿ ದಾರಿ ಗೊತ್ತು ಮಾಡುತ್ತಾರೆ. ನಿನ್ನೆ ಅಟ್ಲಾಂಟಿಕ್ ಮೇಲೆ ಹೋದದ್ದು ಇವತ್ತು ಪೆಸಿಫಿಕ್ ಮೇಲೆ ಹೋಗಬಹುದು.

ಟಿಕೆಟ್ ಪ್ರಕಾರ ರಾತ್ರಿ ಹನ್ನೊಂದೂವರೆಗೆ ಹೊರಟು ಬೆಳಿಗ್ಗೆ ಆರಕ್ಕೆ ತಲುಪುತ್ತದೆ. ಬರೀ ಆರೂವರೆ ಗಂಟೆನಾ?

ಅಯ್ಯೋ, ಅಲ್ಲ! ಟಿಕೆಟ್ ಮೇಲೆ ಯಾವಾಗಲೂ ಆಯಾ ಊರಿನ ಗಡಿಯಾರ ಇರುತ್ತದೆ. ಸಿಂಗಪುರ ಜಾಗತಿಕ ಸಮಯಕ್ಕಿಂತ 8 ಗಂಟೆ ಮುಂದೆ, ವರ್ಷವಿಡೀ. ನ್ಯೂಯಾರ್ಕ್ ಚಳಿಗಾಲದಲ್ಲಿ 5 ಗಂಟೆ ಹಿಂದೆ, ಬೇಸಿಗೆಯಲ್ಲಿ 4 ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ನವೆಂಬರ್‌ನ ಮೊದಲ ಭಾನುವಾರ ವಾಪಸ್ ಬರುತ್ತದೆ. ಅಂದರೆ ಎರಡು ಊರಿನ ನಡುವೆ ಬೇಸಿಗೆಯಲ್ಲಿ 12 ಗಂಟೆ, ಚಳಿಗಾಲದಲ್ಲಿ 13 ಗಂಟೆ ಅಂತರ.

ಸೋಮವಾರ ರಾತ್ರಿ 11:30ಕ್ಕೆ ಸಿಂಗಪುರ ಬಿಟ್ಟಿರಿ, ಪ್ರಯಾಣ 18 ಗಂಟೆ 45 ನಿಮಿಷ ಅಂತಿಟ್ಟುಕೊಳ್ಳಿ. ಸಿಂಗಪುರದ ಗಡಿಯಾರದಲ್ಲಿ ಅದು ಮಂಗಳವಾರ ಸಂಜೆ 6:15. ಅದರಲ್ಲಿ 12 ಕಳೆಯಿರಿ. ನ್ಯೂಯಾರ್ಕಿನಲ್ಲಿ ಮಂಗಳವಾರ ಬೆಳಿಗ್ಗೆ 6:15. ಚಳಿಗಾಲವಾದರೆ 5:15.

ಬರುವಾಗ ಇದು ತಿರುಗಾಮುರುಗಾ. ಸೋಮವಾರ ರಾತ್ರಿ 10:30ಕ್ಕೆ ನ್ಯೂಯಾರ್ಕ್ ಬಿಟ್ಟರೆ, ಅಷ್ಟೇ ಹೊತ್ತು ಹಾರಿ, ಬೇಸಿಗೆಯಲ್ಲಿ ಬುಧವಾರ ಬೆಳಿಗ್ಗೆ 5:15ಕ್ಕೆ ಸಿಂಗಪುರ. ಮಂಗಳವಾರ ಇಡೀ ಆಕಾಶದಲ್ಲೇ ಕಳೆದುಹೋಯಿತು. ಟಿಕೆಟ್‌ನಲ್ಲಿ ಇಳಿಯುವ ಸಮಯದ ಪಕ್ಕ ಇರುವೆಯ ಹಾಗೆ ಸಣ್ಣಗೆ '+2' ಅಂತ ಬರೆದಿರುತ್ತಾರೆ. ಅದು ಇದೇ. ನಾನು ಒಮ್ಮೆ ಆ ಇರುವೆಯನ್ನು ನೋಡದೆ ಹೋಟೆಲ್ ರೂಮನ್ನು ಒಂದು ದಿನ ಮೊದಲೇ ಬುಕ್ ಮಾಡಿದ್ದೆ. ನಾನು ಇನ್ನೂ ಮೋಡದ ಮೇಲಿದ್ದೆ, ರೂಮಿನ ಬಾಡಿಗೆ ಮಾತ್ರ ಓಡುತ್ತಿತ್ತು. ಇದರಲ್ಲಿ ಹೋಟೆಲಿನವರ ತಪ್ಪೇನೂ ಇಲ್ಲ.

ಬೇಸಿಗೆಯಲ್ಲಿ ಹೋಗುವವರಿಗೆ ಒಂದು ಅನುಕೂಲ ಇದೆ. ಮುಳ್ಳಿನ ಕೈಗಡಿಯಾರ ಕಟ್ಟಿದ್ದರೆ ಅದನ್ನು ತಿರುಗಿಸುವುದೇ ಬೇಡ. ಸಿಂಗಪುರದ ಸಂಜೆ ಆರೂಕಾಲು ಅಂದರೆ ನ್ಯೂಯಾರ್ಕಿನ ಬೆಳಿಗ್ಗೆ ಆರೂಕಾಲು. ಮುಳ್ಳುಗಳು ಇದ್ದ ಜಾಗದಲ್ಲೇ ಇರಲಿ. ರಾತ್ರಿ ಹೋಗಿ ಹಗಲಾಗಿದೆ ಅಂತ ನೀವು ಮಾತ್ರ ತಿಳಿದುಕೊಳ್ಳಬೇಕು.

ಸಿಂಗಪುರದ ಗಡಿಯಾರ ಸೂರ್ಯನಿಗೆ ಹೊಂದುವುದಿಲ್ಲವಂತೆ, ಹೌದಾ?

ಹೌದು. ಇರುವ ಜಾಗಕ್ಕೆ ಹೊಂದುವುದು ಜಾಗತಿಕ ಸಮಯಕ್ಕಿಂತ 7 ಗಂಟೆ ಮುಂದಿನ ಲೆಕ್ಕ. 1981ರ ಕೊನೆಯವರೆಗೆ ಏಳೂವರೆ ಇತ್ತು. ಮಲೇಷ್ಯಾದ ಜೊತೆಗೇ 1982ರ ಜನವರಿ 1ರಿಂದ ಎಂಟಕ್ಕೆ ಬಂತು. ಅದಕ್ಕೇ ಅಲ್ಲಿ ಬೆಳಿಗ್ಗೆ ಏಳು ಹೊಡೆದರೂ ಸೂರ್ಯ ಈಗಷ್ಟೇ ಎದ್ದಿರುತ್ತಾನೆ.

ದಾರಿಯಲ್ಲಿ ಎಷ್ಟು ಸಲ ಬೆಳಗಾಗುತ್ತದೆ?

ಪೆಸಿಫಿಕ್ ದಾರಿ ಹಿಡಿದರೆ ಒಂದು ತಮಾಷೆ ನಡೆಯುತ್ತದೆ. ಸೋಮವಾರ ರಾತ್ರಿ ಹೊರಟಿರಿ. ನಾಲ್ಕೈದು ಗಂಟೆ ಕಳೆದ ಮೇಲೆ ಜಪಾನಿನ ಪೂರ್ವಕ್ಕೆ ಎಲ್ಲೋ ಮಂಗಳವಾರದ ಸೂರ್ಯ ಹುಟ್ಟುತ್ತಾನೆ. ನೀವು ಸೂರ್ಯನಿಗೆ ಎದುರಾಗಿ ಓಡುತ್ತಿರುವುದರಿಂದ ಹಗಲು ಬೇಗ ಮುಗಿಯುತ್ತದೆ. ಮಾರ್ಚ್ ಅಥವಾ ಸೆಪ್ಟೆಂಬರ್ ಆದರೆ ಅದು ಏಳೆಂಟು ಗಂಟೆಯ ಹಗಲು, ಅಷ್ಟೇ. ಮಧ್ಯೆ ದಿನಾಂಕ ರೇಖೆ ದಾಟುತ್ತೀರಿ. ದಾಟಿದ ಕೂಡಲೇ ಕ್ಯಾಲೆಂಡರ್ ಹಿಂದಕ್ಕೆ ಸರಿದು ಮತ್ತೆ ಸೋಮವಾರ. ಆಮೇಲೆ ಕತ್ತಲು. ನ್ಯೂಯಾರ್ಕ್ ಹತ್ತಿರ ಬರುವಾಗ ಪೂರ್ವ ದಿಕ್ಕು ಕೆಂಪಾಗುತ್ತದೆ. ಅದೂ ಮಂಗಳವಾರವೇ. ಒಂದೇ ಮಂಗಳವಾರಕ್ಕೆ ಎರಡು ಬೆಳಗು!

ಆದರೆ ನಿಜವಾಗಿ ಇದನ್ನು ನೋಡುವವರು ಕಮ್ಮಿ. ಎಲ್ಲರೂ ಮಲಗಲಿ ಅಂತ ಸಿಬ್ಬಂದಿ ಕಿಟಕಿ ಮುಚ್ಚಿಸಿರುತ್ತಾರೆ. ಅಂಚಿನ ಒಂದು ಬೆರಳಗಲ ಸಂದಿಯಿಂದ ಬಿಸಿಲಿನ ಗೆರೆ ಪಕ್ಕದವರ ಕಂಬಳಿಯ ಮೇಲೆ ಬಿದ್ದಿರುತ್ತದೆ. ಅಷ್ಟರಿಂದಲೇ ಹಗಲಾಗಿದೆ ಅಂತ ತಿಳಿಯಬೇಕು.

ಯಾವ ವಿಮಾನ ಇಷ್ಟು ದೂರ ಹಾರುತ್ತದೆ?

ಏರ್‌ಬಸ್ ಎ350-900 ಯುಎಲ್‌ಆರ್. ಕೊನೆಯ ಮೂರು ಅಕ್ಷರಗಳ ಅರ್ಥ, ಅತಿ ದೂರ ಹಾರುವಂಥದ್ದು ಅಂತ. ಇಂಥವು ಇರುವುದೇ ಏಳು, ಏಳೂ ಸಿಂಗಪುರ್ ಏರ್‌ಲೈನ್ಸ್ ಬಳಿ. ಮಾಮೂಲಿ ಎ350-900ರಲ್ಲಿ 1,41,000 ಲೀಟರ್ ಇಂಧನ ಹಿಡಿಸಿದರೆ ಇದರಲ್ಲಿ 1,65,000 ಲೀಟರ್. ಹೊಸ ಟ್ಯಾಂಕ್ ಹಾಕಿಲ್ಲ, ಇದ್ದ ಟ್ಯಾಂಕನ್ನೇ ಇನ್ನಷ್ಟು ತುಂಬುವ ಹಾಗೆ ಮಾಡಿದ್ದಾರೆ.

ಇಂಧನದ ತೂಕ ಲೀಟರಿಗೆ ಸುಮಾರು 800 ಗ್ರಾಂ. ಟ್ಯಾಂಕ್ ಪೂರ್ತಿ ತುಂಬಿದರೆ 130 ಟನ್ ದಾಟುತ್ತದೆ. ಎಲ್ಲ ಸೇರಿ ವಿಮಾನ ಏರಬಹುದಾದ ತೂಕ 280 ಟನ್. ಅರ್ಧದಷ್ಟು ಹೊರೆ ಬರೀ ಇಂಧನ! ಮೊದಲ ಗಂಟೆಗಳಲ್ಲಿ ಸುಡುವ ಇಂಧನದ ಒಂದು ಪಾಲು, ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಹೊತ್ತೊಯ್ಯುವುದಕ್ಕೇ ಖರ್ಚಾಗುತ್ತದೆ. ಮದುವೆ ಊಟಕ್ಕೆ ಹೋಗಲು ದಾರಿಯಲ್ಲಿ ತಿನ್ನಲು ಬುತ್ತಿ ಕಟ್ಟಿ, ಆ ಬುತ್ತಿ ಹೊರಲು ಒಬ್ಬ ಆಳು ಇಟ್ಟು, ಆ ಆಳಿಗೂ ಒಂದು ಬುತ್ತಿ ಕಟ್ಟಿದ ಹಾಗೆ.

ಇದರಲ್ಲಿ ಎಕಾನಮಿ ಸೀಟು ಸಿಗುತ್ತದಾ?

ಇಲ್ಲ. ಬಿಸಿನೆಸ್ 67, ಪ್ರೀಮಿಯಂ ಎಕಾನಮಿ 94, ಒಟ್ಟು 161 ಸೀಟು. ಮಾಮೂಲಿ ಎ350-900ರಲ್ಲಿ ಸಾಮಾನ್ಯವಾಗಿ ಇದರ ಒಂದೂವರೆ ಪಟ್ಟಿಗೂ ಜಾಸ್ತಿ ಜನ ಕೂರುತ್ತಾರೆ. ಇಲ್ಲಿ ಕಮ್ಮಿ ಯಾಕೆ ಅಂತ ಮೇಲಿನ ಬುತ್ತಿಯ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

ಒಂದು ಕಡೆ ಇಳಿದು ಹೋದರೆ ಎಷ್ಟು ಹೊತ್ತು?

ಫ್ರಾಂಕ್‌ಫರ್ಟ್ ಮೂಲಕ ಹೋದರೆ ಸುಮಾರು ಒಂದು ದಿನ. ದೂರ ಒಂದು ಸಾವಿರ ಕಿ.ಮೀ.ಯಷ್ಟೇ ಜಾಸ್ತಿ. ಹೊತ್ತು ತಿನ್ನುವುದು ಇಳಿಯುವುದು, ಏರುವುದು, ಕಾಯುವುದು. ಅಲ್ಲಿ ಎಕಾನಮಿ ಸೀಟು ಇದೆ. ನಡುವೆ ಎದ್ದು ಓಡಾಡಬಹುದು. ನೇರ ವಿಮಾನದಲ್ಲಿ ಉಳಿಯುವ ನಾಲ್ಕೈದು ಗಂಟೆಗೆ ಎಷ್ಟು ಬೆಲೆ ಅನ್ನುವುದು ನಿಮ್ಮ ಬೆನ್ನಿಗೆ, ನಿಮ್ಮ ಜೇಬಿಗೆ ಬಿಟ್ಟದ್ದು. ಚಿಕ್ಕ ಮಕ್ಕಳಿದ್ದರೆ ಇಳಿದು ಹೋಗುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. 'ಡೈರೆಕ್ಟ್' ಅಂದರೆ ನಡುವೆ ಇಳಿಯುವುದಿಲ್ಲ ಅಂತಲ್ಲ. ಫ್ಲೈಟ್ ನಂಬರ್ ಒಂದೇ ಇದ್ದು ಮಧ್ಯೆ ಒಂದು ಊರಿನಲ್ಲಿ ನಿಂತು ಹೋದರೂ ಅದು ಡೈರೆಕ್ಟೇ. ಎಲ್ಲೂ ನಿಲ್ಲದ್ದು ಬೇಕಾದರೆ 'ನಾನ್‌ಸ್ಟಾಪ್' ಅಂತ ನೋಡಿ.

ಜೆಎಫ್‌ಕೆ, ನ್ಯೂವಾರ್ಕ್ ಎರಡೂ ಒಂದೇನಾ?

ಅಲ್ಲ. ಜೆಎಫ್‌ಕೆ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿದೆ, ನ್ಯೂವಾರ್ಕ್ ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿದೆ. ಎರಡಕ್ಕೂ ಸಿಂಗಪುರದಿಂದ ನೇರ ಸೇವೆ ಇದೆ. ಜೆಎಫ್‌ಕೆಗೆ ಶುರುವಾದದ್ದು 2020ರ ನವೆಂಬರ್‌ನಲ್ಲಿ. ಸಿಂಗಪುರದಿಂದ ಅಳೆದರೆ ಎರಡಕ್ಕೂ ವ್ಯತ್ಯಾಸ ಐದು ಕಿ.ಮೀ. ಮಾತ್ರ. ಆದರೆ ಅವೆರಡರ ನಡುವೆ ಮೂವತ್ತಕ್ಕೂ ಜಾಸ್ತಿ ಕಿ.ಮೀ., ಅದೂ ಮ್ಯಾನ್‌ಹಟನ್‌ನ ಟ್ರಾಫಿಕ್ ಪಕ್ಕದಲ್ಲೇ. ಕರೆದುಕೊಂಡು ಹೋಗಲು ಬರುವವರಿಗೆ ನಿಲ್ದಾಣದ ಹೆಸರನ್ನು ಸರಿಯಾಗಿ ಹೇಳಿ.

ಇಷ್ಟು ಹೊತ್ತು ಪೈಲಟ್ ಎಚ್ಚರ ಇರುತ್ತಾರಾ?

ನಾಲ್ವರು ಇರುತ್ತಾರೆ, ಸರದಿ ಮೇಲೆ ಮಲಗುತ್ತಾರೆ. ಅವರಿಗೆ ಮುಂಭಾಗದಲ್ಲಿ ಹಾಸಿಗೆ ಇರುವ ಪುಟ್ಟ ಕೋಣೆ ಇದೆ. ಉಳಿದ ಸಿಬ್ಬಂದಿಗೂ ಹಿಂಭಾಗದಲ್ಲಿ ಅಂಥದ್ದೇ ಇದೆ.

ಸಾಗರದ ನಡುವೆ ಒಂದು ಎಂಜಿನ್ ಕೆಟ್ಟರೆ?

ಎರಡು ಎಂಜಿನ್ ಇರುವ ವಿಮಾನ ಒಂದೇ ಎಂಜಿನ್ನಿನಲ್ಲಿ ಎಷ್ಟು ದೂರ ಹಾರಬಲ್ಲದು ಅಂತ ಮೊದಲೇ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟಿರುತ್ತಾರೆ. ಎ350-900ಕ್ಕೆ 370 ನಿಮಿಷದವರೆಗೆ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅಂದರೆ ಯಾವುದಾದರೂ ಇಳಿಯಬಹುದಾದ ನಿಲ್ದಾಣದಿಂದ ಒಂದೇ ಎಂಜಿನ್ನಿನ ವೇಗದಲ್ಲಿ ಆರು ಗಂಟೆ ಹತ್ತು ನಿಮಿಷದಷ್ಟು ದೂರದವರೆಗೆ ಹೋಗಬಹುದು. ದಾರಿ ಹಾಕುವಾಗಲೇ ಇಂಥ ಕಡೆ ಇಳಿಯಬಹುದು ಅಂತ ನಿಲ್ದಾಣಗಳನ್ನು ಗುರುತಿಸಿಟ್ಟಿರುತ್ತಾರೆ.

ಇಳಿದ ಮೇಲೆ ದೇಹ ಸರಿಹೋಗಲು ಎಷ್ಟು ದಿನ?

ಒಂದು ಗಂಟೆಯ ಅಂತರಕ್ಕೆ ಒಂದು ದಿನ ಅನ್ನುವುದು ಒರಟು ಲೆಕ್ಕ. 12 ಗಂಟೆ ಅಂತರ ಎಲ್ಲಕ್ಕಿಂತ ಕಷ್ಟದ್ದು. ದೇಹಕ್ಕೆ ನಟ್ಟ ನಡುರಾತ್ರಿ ಆದಾಗ ಹೊರಗೆ ಉರಿಬಿಸಿಲು. ಇಳಿದ ದಿನ ಬೆಳಕಿನಲ್ಲಿ ಓಡಾಡಿ, ರಾತ್ರಿಯವರೆಗೆ ಹೇಗಾದರೂ ಎಚ್ಚರ ಇದ್ದುಬಿಡಿ. ವಿಮಾನದಲ್ಲಿ ಒಂದೇ ಸಮ ಕೂರಬೇಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ, ಎರಡು ಗಂಟೆಗೊಮ್ಮೆಯಾದರೂ ಎದ್ದು ನಡೆಯಿರಿ. ಒಳಗಿನ ಗಾಳಿ ತುಂಬಾ ಒಣ, ನೀರು ಕುಡಿಯುತ್ತಿರಿ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಈಚೆಗೆ ಆಪರೇಷನ್ ಆದವರು ಟಿಕೆಟ್ ತೆಗೆಯುವ ಮೊದಲೇ ಡಾಕ್ಟರನ್ನು ಕೇಳಬೇಕು.

ಇದಕ್ಕಿಂತ ಉದ್ದದ ಹಾರಾಟ ಬರುತ್ತದಾ?

ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿ ಸಿಡ್ನಿಯಿಂದ ಲಂಡನ್‌ಗೆ ಎಲ್ಲೂ ನಿಲ್ಲದೆ ಹಾರುವ ಯೋಜನೆ ಹಾಕಿಕೊಂಡಿದೆ. ಸುಮಾರು 17,000 ಕಿ.ಮೀ., 20 ಗಂಟೆಗೂ ಮೇಲೆ. ಅದಕ್ಕಾಗಿ ಎ350-1000ರಲ್ಲಿ 20,000 ಲೀಟರಿನ ಹೆಚ್ಚುವರಿ ಟ್ಯಾಂಕ್ ಹಾಕಿಸುತ್ತಿದೆ. 2019ರ ಅಕ್ಟೋಬರ್‌ನಲ್ಲೇ ಪರೀಕ್ಷೆಗೆಂದು 49 ಜನರನ್ನು ಕೂರಿಸಿಕೊಂಡು ನ್ಯೂಯಾರ್ಕಿನಿಂದ ಸಿಡ್ನಿಗೆ 19 ಗಂಟೆ 16 ನಿಮಿಷ ಹಾರಿಸಿತ್ತು.

ಹೊತ್ತಿನ ಲೆಕ್ಕಕ್ಕೆ ಬಂದರೆ ಹಳಬರ ಮುಂದೆ ಇದೆಲ್ಲ ಏನೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಿಂದ 1945ರವರೆಗೆ, ಇದೇ ಕ್ವಾಂಟಾಸ್‌ನ ಕ್ಯಾಟಲಿನಾ ವಿಮಾನಗಳು ಪರ್ತ್‌ನಿಂದ ಸಿಲೋನಿಗೆ (ಈಗಿನ ಶ್ರೀಲಂಕಾ) ಒಂದೇ ಉಸಿರಿಗೆ ಹಾರುತ್ತಿದ್ದವು. ದೂರ ಇದರ ಅರ್ಧವೂ ಇಲ್ಲ. ಆದರೆ ಆ ವಿಮಾನ ನಿಧಾನ, 27ರಿಂದ 33 ಗಂಟೆ ಹಿಡಿಯುತ್ತಿತ್ತು. ಪ್ರಯಾಣಿಕರು ಎರಡು ಸೂರ್ಯೋದಯ ನೋಡುತ್ತಿದ್ದರು. ಅದಕ್ಕೂ ಒಂದು ಪ್ರಮಾಣಪತ್ರ ಕೊಡುತ್ತಿದ್ದರು.

ದೂರಕ್ಕೆ ಮಾತ್ರ ಒಂದು ಮಿತಿ ಇದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದರ ಅರ್ಧ 20,000. ಯಾವ ಎರಡು ಊರಿನ ನಡುವೆಯೂ ಅದಕ್ಕಿಂತ ಜಾಸ್ತಿ ದೂರ ಇರಲು ಸಾಧ್ಯವೇ ಇಲ್ಲ. ಸಿಂಗಪುರದ ನೇರ ತಳದಲ್ಲಿರುವುದು ದಕ್ಷಿಣ ಅಮೆರಿಕದ ಈಕ್ವೆಡಾರ್.

ಬೇರೆ ಎರಡು ನಿಲ್ದಾಣಗಳಿಗೆ ನಾನೇ ಅಂದಾಜು ಹಾಕುವುದು ಹೇಗೆ?

ನೇರ ದೂರವನ್ನು 900ರಿಂದ ಭಾಗಿಸಿ. ಅದಕ್ಕೆ ಮುಕ್ಕಾಲು ಗಂಟೆ ಸೇರಿಸಿ. ಪಶ್ಚಿಮಕ್ಕೆ ಹೋಗುವ ದೂರದ ದಾರಿಯಾದರೆ ಇನ್ನೂ ಅರ್ಧದಿಂದ ಒಂದು ಗಂಟೆ ಕೂಡಿಸಿ, ಪೂರ್ವಕ್ಕಾದರೆ ಅಷ್ಟೇ ಕಳೆಯಿರಿ. ಉತ್ತರ–ದಕ್ಷಿಣವಾಗಿ ಹೋಗುವುದಾದರೆ ಕೂಡಿಸುವುದೂ ಬೇಡ, ಕಳೆಯುವುದೂ ಬೇಡ. ದಾರಿಯಲ್ಲಿ ಮುಚ್ಚಿದ ಆಕಾಶ ಇದ್ದರೆ ಈ ಲೆಕ್ಕ ಕೆಲಸ ಮಾಡುವುದಿಲ್ಲ.

ಪರ್ತ್–ಲಂಡನ್ ತೆಗೆದುಕೊಳ್ಳಿ. 14,499 ಕಿ.ಮೀ. ಭಾಗಿಸಿದರೆ 16 ಗಂಟೆ 7 ನಿಮಿಷ. ಮುಕ್ಕಾಲು ಗಂಟೆ ಸೇರಿಸಿದರೆ 16 ಗಂಟೆ 52 ನಿಮಿಷ. ಲಂಡನ್ ಕಡೆಗೆ ಹೋಗುವಾಗ ಹದಿನೇಳೂವರೆ ಗಂಟೆ ಅಂದುಕೊಳ್ಳಿ, ಪರ್ತ್‌ಗೆ ಬರುವಾಗ ಹದಿನಾರೂಕಾಲು. ಆಮೇಲೆ ವೇಳಾಪಟ್ಟಿ ತೆಗೆದು ನೋಡಿ. ಅಂದಾಜು ಅದಕ್ಕಿಂತ ಒಂದು ಗಂಟೆಗೂ ಮೇಲೆ ತಪ್ಪಿದ್ದರೆ ಮೊದಲು ಎರಡು ಊರಿನ ಗಡಿಯಾರದ ಅಂತರ ಕಳೆದಿದ್ದೀರಾ ಅಂತ ನೋಡಿಕೊಳ್ಳಿ. ಹೆಚ್ಚಿನ ಸಲ ತಪ್ಪು ಅಲ್ಲೇ ಇರುತ್ತದೆ.